ಸೇತುವೆಯ ಈಚೆ ಹನ್ನೆರಡೂವರೆ

ಎಲ್ ಪಾಸೊ, ಟೆಕ್ಸಸ್
೨೧ ಫೆಬ್ರವರಿ ೧೯೮೨

ಪ್ರೀತಿಯ ತಂಗಿ ದೆಲ್ಫಿನಾ,

ಫೋನು ಮಾಡೋಣವೆಂದುಕೊಂಡೆ. ಆದರೆ ನದಿಯ ಆಚೆ ದಡಕ್ಕೆ ಮಾತಾಡಿದರೂ ಹೊರದೇಶದ ದರ ಹಾಕುತ್ತಾರೆ. ಅಂಚೆಗೆ ಹಾಕಿದರೆ ಕಾಗದ ಊರೂರು ಸುತ್ತಿಕೊಂಡು ಹುವಾರೆಸಿನ ನಿನ್ನ ಓಣಿಗೆ ತಲುಪುವಷ್ಟರಲ್ಲಿ ಈಸ್ಟರ್ ಕಳೆದಿರುತ್ತದೆ. ಅದಕ್ಕೇ ಇದನ್ನು ದೋನ್ಯಾ ತ್ರಿನಿಯ ಕೈಗೆ ಕೊಡುತ್ತಿದ್ದೇನೆ. ಅವಳು ಹೇಗೂ ದಿನಾ ಸೇತುವೆ ದಾಟಿ ಈಚೆ ಮನೆಗೆಲಸಕ್ಕೆ ಬಂದು ಸಂಜೆ ಆಚೆ ಹೋಗುತ್ತಾಳೆ. ನಾನೇ ಬರೋಣವೆಂದರೆ ಅಂಗಡಿ ಬಿಟ್ಟು ಕದಲಲು ಆಗುತ್ತಿಲ್ಲ.

ಬುಧವಾರ ರೇಡಿಯೊ ಕೇಳಿದಾಗಿನಿಂದ ನಿನ್ನದೇ ಯೋಚನೆ. ಇಪ್ಪತ್ತಾರು ಚಿಲ್ಲರೆ ಪೆಸೊಗೆ ಸಿಗುತ್ತಿದ್ದ ಡಾಲರಿಗೆ ಈಗ ನಲವತ್ತರ ಹತ್ತಿರ ಕೊಡಬೇಕಂತೆ. ಎರಡು ವಾರದ ಹಿಂದಷ್ಟೇ ನಿಮ್ಮ ಅಧ್ಯಕ್ಷರು ಪೆಸೊವನ್ನು ನಾಯಿಯ ಹಾಗೆ ಕಾಯುತ್ತೇನೆ ಎಂದಿದ್ದರು. ಚೋನ್ ಈಗ ಸುದ್ದಿ ಶುರುವಾದರೆ ಸಾಕು, ಸೋಫಾದ ಮೇಲೆ ಕೂತು ಬೊಗಳುತ್ತಾನೆ. ಗಂಡನಿಗೆ ಬುದ್ಧಿ ಹೇಳಿ ಹೇಳಿ ನನಗೆ ಸಾಕಾಗಿದೆ. ತೈಲದ ಬೆಲೆ ಬಿತ್ತು, ದೇಶದ ಸಾಲ ಏರಿತು, ಅದಕ್ಕೇ ಹೀಗಾಯಿತು ಎಂದು ಇಲ್ಲಿಯ ಪೇಪರಿನವರು ಬರೆದಿದ್ದಾರೆ.

ನಾವು ಲಂಗ ತೊಡುವಾಗ ಡಾಲರಿಗೆ ಎಂಟು ಅರವತ್ತೈದು ಇತ್ತು, ನೆನಪಿದೆಯಾ? ಐವತ್ತನಾಲ್ಕರಲ್ಲಿ ಈಸ್ಟರಿನ ಹಿಂದಿನ ದಿನ, ಪವಿತ್ರ ಶನಿವಾರ, ಅಮ್ಮ ಯಾರದೋ ಮಗಳ ಬಿಳಿ ಉಡುಪಿಗೆ ಇಸ್ತ್ರಿ ಹಾಕುತ್ತಿದ್ದಳು. ಪೆಸೊ ಹನ್ನೆರಡೂವರೆಗೆ ಬಿತ್ತೆಂದು ರೇಡಿಯೊ ಹೇಳಿದ್ದೇ ತಡ, ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೇ ಬಿಟ್ಟು ಬೀದಿಗೆ ಓಡಿದಳು. ಉಡುಪು ಸುಟ್ಟುಹೋಯಿತು. ಆಮೇಲೆ ಇಪ್ಪತ್ತೆರಡು ವರ್ಷ ಹನ್ನೆರಡೂವರೆ ಅಲುಗಲಿಲ್ಲ. ಡಾಲರಿನ ಮುಂದೆ ಎರಡು ಸೊನ್ನೆ ಸೇರಿಸಿ ಎಂಟರಿಂದ ಭಾಗಿಸಿದರೆ ಪೆಸೊ ಬಂತು. ಆ ಲೆಕ್ಕ ನನ್ನ ನಾಲಿಗೆಯ ತುದಿಯಲ್ಲಿದ್ದದ್ದಕ್ಕೇ ಆಚೆಯ ಗಿರಾಕಿಗಳನ್ನು ನಂಬಿ ಈ ಬೀದಿಯಲ್ಲಿ ಮದುವೆ ಉಡುಪಿನ ಅಂಗಡಿ ಇಟ್ಟೆ. ಎಪ್ಪತ್ತಾರರಲ್ಲಿ ಅದೂ ಮುರಿಯಿತು, ಈಗ ಇದು.

ನಿನಗೆ ಕಷ್ಟವಾದರೆ ಸಂಕೋಚ ಬೇಡ. ಹೊಲಿಗೆಯಲ್ಲಿ ಬರುವ ಪೆಸೊ ನೆಚ್ಚಿಕೊಂಡು ಒಬ್ಬಳೇ ಹೇಗೆ ದೂಡುತ್ತೀಯೋ. ಕ್ರಿಸ್ಮಸ್ಸಿಗೆ ಕಳಿಸಿದ ನೀಲಿ ಕೋಟು ಚಳಿಗೆ ಆಗುತ್ತಿದೆ ತಾನೇ?

ಇರ್ಮಾಳ ಮದುವೆ ಅಕ್ಟೋಬರಿನ ಕೊನೆಗೆ. ಅವಳ ಉಡುಪನ್ನು ಆಗಲೇ ಅಂಗಡಿಯ ಕಿಟಕಿಯ ಬೊಂಬೆಗೆ ತೊಡಿಸಿಟ್ಟಿದ್ದೇನೆ, ಮುನ್ನೂರು ಡಾಲರಿನದು. ಮದುಮಗಳ ಉಡುಪು ಗಂಡು ಕೊಡಿಸಬೇಕಾದ್ದು ಪದ್ಧತಿ ಎಂದು ರುಬೇನ್ ತಿಂಗಳ ಸಂಬಳದಲ್ಲಿ ಇಷ್ಟಿಷ್ಟು ಉಳಿಸುತ್ತಿದ್ದಾನೆ. ಹುವಾರೆಸಿನ ಶಾಲೆ ಮೇಷ್ಟ್ರಾದರೂ ಮರ್ಯಾದಸ್ಥ ಹುಡುಗ. ಆದರೆ ಆ ಉಡುಪನ್ನು ಆರಿಸಿದವಳು ನಾನು, ಮಗಳಿಗೆ ತೊಡಿಸುವವಳೂ ನಾನು. ಈ ಅಂಗಡಿ ಇಟ್ಟದ್ದೇ ಆ ಒಂದು ದಿನಕ್ಕೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ನಿನ್ನ ಅಕ್ಕ,
ಒತಿಲಿಯಾ


ಹುವಾರೆಸ್
೬ ಮಾರ್ಚ್ ೧೯೮೨

ಪ್ರೀತಿಯ ಅಕ್ಕಾ,

ಕಾಗದ ಸಿಕ್ಕಿತು. ಹೆಣ ನೋಡಲು ಬಂದವರು ಮಾತಾಡುವ ಹಾಗೆ ಬರೆದಿದ್ದೀಯ. ನಾನಿನ್ನೂ ಬದುಕಿದ್ದೇನೆ.

ಪೆಸೊ ಬಿದ್ದದ್ದು ನಿಜ. ಹಾಲು, ಎಣ್ಣೆ, ದಾರದ ಉಂಡೆ, ಎಲ್ಲಕ್ಕೂ ಬೆಲೆ ಏರಿದೆ. ಆದರೆ ಪೆಸೊ ಬಿದ್ದ ಮುಂದಿನ ಶನಿವಾರವೇ ನನ್ನ ಓಣಿಗೆ ಟೆಕ್ಸಸ್ ನಂಬರಿನ ಕಾರೊಂದು ಬಂದು ನಿಂತಿತು. ಇಳಿದವಳು ನಿಮ್ಮ ಕಡೆಯವಳು, ಹೆಗಲಿಗೆ ಲೇಸು ಹಾಕಿದ ಮದುವೆ ಉಡುಪಿಗೆ ಎಷ್ಟು ಎಂದು ಕೇಳಿದಳು. ಪೆಸೊದಲ್ಲಿ ಹೇಳಿದೆ. ಅವಳು ಮನಸ್ಸಿನಲ್ಲೇ ಡಾಲರಿಗೆ ತಿರುಗಿಸಿ, ತಪ್ಪು ಕೇಳಿಸಿತೇನೋ ಎಂದು ಇನ್ನೊಮ್ಮೆ ಕೇಳಿದಳು. ಮರುವಾರ ತನ್ನ ಅಕ್ಕತಂಗಿಯರನ್ನೂ ಅತ್ತಿಗೆಯನ್ನೂ ಕರೆತಂದಳು. ನಿನ್ನೆ ಬೆಳಿಗ್ಗೆ ಬಾಗಿಲು ತೆಗೆದರೆ ಹೊಸಿಲ ಹೊರಗೆ ಹೆಂಗಸರು ಸಾಲಾಗಿ ನಿಂತಿದ್ದರು. ಕುರ್ಚಿ ಸಾಲದೆ ಪಕ್ಕದ ಮನೆಯಿಂದ ತಂದೆ.

ಕೋಟಿನ ವಿಷಯ ಕೇಳಿದ್ದೀಯ. ಈ ಸಲ ಚಳಿ ಅಷ್ಟೇನೂ ಇರಲಿಲ್ಲ.

ಇರ್ಮಾಳಿಗೆ ನನ್ನ ಮುತ್ತು. ಭಾವನಿಗೆ ಹೇಳು, ನಮ್ಮ ಓಣಿಯಲ್ಲೂ ಎಲ್ಲರೂ ಬೊಗಳುತ್ತಿದ್ದಾರೆ.

ನಿನ್ನ
ದೆಲ್ಫಿನಾ


ಎಲ್ ಪಾಸೊ
೧೨ ಏಪ್ರಿಲ್ ೧೯೮೨

ದೆಲ್ಫಿನಾ,

ನಿನ್ನೆ ಈಸ್ಟರ್ ಪೂಜೆಯಲ್ಲಿ ನನ್ನ ಮುಂದಿನ ಬೆಂಚಿನಲ್ಲಿ ಶ್ರೀಮತಿ ಅರ್ಚುಲೆತಾ ಕೂತಿದ್ದಳು. ಹತ್ತು ವರ್ಷದಿಂದ ನನ್ನ ಗಿರಾಕಿ. ಅವಳ ಮೂವರು ಹೆಣ್ಣುಮಕ್ಕಳೂ ನನ್ನ ಉಡುಪಿನಲ್ಲೇ ಮದುವೆಯಾದವರು. ಅವಳ ರವಿಕೆಯ ಕತ್ತುಪಟ್ಟಿ ನೋಡಿದೆ, ತೋಳು ನೋಡಿದೆ. ಯಾರ ಕೈಯೆಂದು ಕೇಳಲೇಬೇಕಿರಲಿಲ್ಲ. ಅಮ್ಮ ಕಲಿಸಿದ ಹೊಲಿಗೆಯಲ್ಲವೇ, ನನಗೂ ಬರುತ್ತದೆ. ಪಾದ್ರಿ ಏನು ಹೇಳಿದರೆಂದು ಒಂದಕ್ಷರ ತಲೆಗೆ ಹೋಗಲಿಲ್ಲ.

ಹೊರಗೆ ಬಂದು ಅವಳು ನನ್ನ ಕೈ ಹಿಡಿದು, “ನಿಮ್ ತಂಗಿ ಕೈ ಬಂಗಾರ ಕಣ್ರೀ ಒತಿಲಿಯಾ, ಇಷ್ಟ್ ವರ್ಷ ಯಾಕ್ ಮುಚ್ಚಿಟ್ಟಿದ್ರಿ?” ಎಂದು ಕೇಳಿದಳು. ನಾನು ನಕ್ಕೆ. ಮನೆಗೆ ಬಂದು ಕುರಿಮಾಂಸವನ್ನು ಬೇಕಾದದ್ದಕ್ಕಿಂತ ಸಣ್ಣಗೆ ಕೊಚ್ಚಿಹಾಕಿದೆ.

ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆ ಉರಿಯುತ್ತಿದೆ. ಮುಂಚೆ ಶನಿವಾರ ಬಂತೆಂದರೆ ಹುವಾರೆಸಿನ ಅರ್ಧ ಹೆಂಗಸರು ನಮ್ಮ ಬೀದಿಯಲ್ಲಿರುತ್ತಿದ್ದರು. ಈಗ ಅವರ ಪೆಸೊಗೆ ಇಲ್ಲಿ ಒಂದು ಗುಂಡಿಯೂ ಬರುವುದಿಲ್ಲ. ಈಚೆಯವರು ನೋಡಿದರೆ ಡಾಲರ್ ಹಿಡಿದುಕೊಂಡು ನಿನ್ನ ಹತ್ತಿರ ಓಡುತ್ತಾರೆ. ಎರಡು ಕಡೆಯಿಂದಲೂ ನನಗೇ ಪೆಟ್ಟು. ಚಪ್ಪಲಿ ಅಂಗಡಿಯವನು ಬೀಗ ಹಾಕಿದ. ನಾನು ನೊಣ ಹೊಡೆಯುತ್ತಾ ಕೂತಿದ್ದೇನೆ.

ನೀನು ಬಾಗಿಲ ಮೇಲೆ “ಡಾಲರ್ ತೆಗೆದುಕೊಳ್ಳಲಾಗುತ್ತದೆ” ಎಂದು ಹಲಗೆ ಹಾಕಿದ್ದೀಯಂತೆ. ದೋನ್ಯಾ ತ್ರಿನಿ ಹೇಳಿದಳು. ಬೆಲೆಯನ್ನಾದರೂ ಸ್ವಲ್ಪ ಏರಿಸು. ಅಕ್ಕನ ಹೊಟ್ಟೆಯ ಮೇಲೆ ಹೊಡೆಯುವುದಿದ್ದರೆ ಸ್ವಲ್ಪ ನಾಚಿಕೆಯಿಂದ ಹೊಡಿ.

ಒತಿಲಿಯಾ


ಹುವಾರೆಸ್
೧೦ ಮೇ ೧೯೮೨

ಪ್ರೀತಿಯ ಅಕ್ಕಾ,

ಇಂದು ತಾಯಂದಿರ ದಿನ. ಅಮ್ಮನ ಸಮಾಧಿಗೆ ಹೋಗಿ ಬಂದೆ. ನಿನ್ನ ಹೆಸರಿನಲ್ಲೂ ಹೂವಿಟ್ಟೆ.

ಬೆಲೆ ಏರಿಸಿದ್ದೇನೆ. ಆದರೂ ಬರುತ್ತಾರೆ, ನಾನೇನು ಮಾಡಲಿ? ಹಲಗೆಯನ್ನು ನಾನು ಹಾಕಿದ್ದಲ್ಲ, ಮನೆ ಮಾಲೀಕ ಹಾಕಿದ್ದು. ತನಗೂ ಬಾಡಿಗೆ ಡಾಲರಿನಲ್ಲೇ ಬರಲಿ ಎಂದು ಅವನ ಆಸೆ.

ಇದನ್ನು ಬರೆಯಲು ಒಂದು ವಾರದಿಂದ ಪೆನ್ನು ಹಿಡಿದು ಬಿಟ್ಟು ಮಾಡುತ್ತಿದ್ದೇನೆ. ಹೋದ ಸೋಮವಾರ ರುಬೇನ್ ಬಂದಿದ್ದ. ಇರ್ಮಾಳ ಉಡುಪನ್ನು ನನ್ನ ಕೈಯಿಂದಲೇ ಹೊಲಿಸಬೇಕಂತೆ. ಮುಂಗಡವೆಂದು ಪೆಸೊ ಎಣಿಸಿ ಮೇಜಿನ ಮೇಲಿಟ್ಟ. ಬೇಡವೆಂದೆ, ಅಕ್ಕನ ಕಿಟಕಿಯಲ್ಲಿ ಆಗಲೇ ಉಡುಪಿದೆಯಲ್ಲಾ ಎಂದೆ. ಅವನು ತಲೆ ತಗ್ಗಿಸಿ ಕೂತ. ಇರ್ಮಾ ಅವನ ಪಕ್ಕದಲ್ಲೇ ಇದ್ದಳು. ಅವಳೇ “ಚಿಕ್ಕಮ್ಮಾ, ಪ್ಲೀಸ್, ಅಮ್ಮಂಗೆ ನೀವೇ ಹೇಳಿ” ಎಂದಳು.

ಯಾಕೆಂದು ಬರೆಯುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ನಿನಗೆ ಲೆಕ್ಕ ಬರುತ್ತದೆ, ನೀನೇ ಹಾಕಿ ನೋಡು.

ದೆಲ್ಫಿನಾ


ಎಲ್ ಪಾಸೊ
೧೪ ಮೇ ೧೯೮೨

ದೆಲ್ಫಿನಾ,

ನನ್ನ ಗಿರಾಕಿಗಳನ್ನು ನೀನು ತೆಗೆದುಕೊಂಡೆ, ನಾನು ಸಹಿಸಿಕೊಂಡೆ. ಮದುವೆ ಉಡುಪಿನ ಅಂಗಡಿಯವಳ ಮಗಳು ಬೇರೆಯವರ ಹತ್ತಿರ ಉಡುಪು ಹೊಲಿಸಿಕೊಂಡಳೆಂದು ನಾಳೆ ಇಡೀ ಬೀದಿ ಮಾತಾಡುತ್ತದೆ. ಆಡಲಿ. ನನಗೆ ಬೀದಿಯ ಚಿಂತೆಯಿಲ್ಲ. ಮಗಳು ನನ್ನ ಮನೆಯಿಂದ ಹೊರಡುವ ದಿನ ಅವಳ ಮೈಮೇಲೆ ನಾನು ಕೊಟ್ಟದ್ದು ಇರಬೇಕೆಂದಿತ್ತು. ಅಷ್ಟೇ ಕೇಳಿದ್ದು. ಅದೂ ನಿನಗೇ ಬೇಕಾಯಿತು.

ಇರ್ಮಾಳನ್ನು ಕೇಳಿದೆ. “ಚಿಕ್ಕಮ್ಮ ಹೊಲಿದ್ರೆ ಚೆನ್ನಾಗಿರತ್ತೆ ಅಮ್ಮಾ” ಎಂದಳು, ನನ್ನ ಮುಖ ನೋಡಲಿಲ್ಲ. ನನ್ನ ಅಂಗಡಿಯಲ್ಲಿ ಹುಟ್ಟಿ ನನ್ನ ಬಟ್ಟೆಯ ಗಂಟಿನ ಮೇಲೆ ಮಲಗಿ ಬೆಳೆದವಳು.

ನನ್ನದೇನಾದರೂ ಇದ್ದರೆ ನಿನಗೆ ಅದೇ ಬೇಕು, ಚಿಕ್ಕಂದಿನಿಂದಲೂ. ಇನ್ನು ನಾನು ಆಚೆಗೆ ಬರುವುದಿಲ್ಲ.

ಒತಿಲಿಯಾ


ಎಲ್ ಪಾಸೊ
೨೦ ಜೂನ್ ೧೯೮೨

ದೆಲ್ಫಿನಾ,

ಇನ್ನು ನಿನಗೆ ಬರೆಯಬಾರದೆಂದಿದ್ದೆ. ಆದರೆ ಬೇರೆಯವರ ಬಾಯಿಂದ ಉಪ್ಪುಖಾರ ಹಚ್ಚಿ ಕೇಳುವುದಕ್ಕಿಂತ ನನ್ನಿಂದಲೇ ತಿಳಿ.

ನಿನ್ನೆ ಬಾಗಿಲ ಮೇಲೆ ಹಲಗೆ ಹಾಕಿ ದೊಡ್ಡ ಕೆಂಪಕ್ಷರದಲ್ಲಿ ಬರೆಸಿದೆ: “ಹುವಾರೆಸಿನ ಮದುಮಕ್ಕಳಿಗೆ ಈ ಅಂಗಡಿಯಲ್ಲಿ ಹಳೇ ದರ. ಡಾಲರಿಗೆ ಹನ್ನೆರಡೂವರೆ ಪೆಸೊ.” ಹೊರಗೆ ನಲವತ್ತೇಳೋ ನಲವತ್ತೆಂಟೋ ಇರಲಿ, ನನ್ನ ಹೊಸಿಲ ಒಳಗೆ ಹನ್ನೆರಡೂವರೆ. ಚೋನ್ ತಲೆ ಕೆಟ್ಟಿದೆಯಾ ಎಂದ. ಬಣ್ಣ ಬಳಿಯುವವನೂ ಎರಡು ಸಲ ಕೇಳಿ ಬರೆದ.

ಸಂಜೆಯ ಹೊತ್ತಿಗೆ ಬಾಗಿಲ ಹೊರಗೂ ಜನ ನಿಂತಿದ್ದರು. ಹೆಂಗಸರು ಒಬ್ಬರನ್ನೊಬ್ಬರು ತಳ್ಳುತ್ತಿದ್ದರು. ಎಷ್ಟು ತಿಂಗಳಾಗಿತ್ತು ನನ್ನ ಅಂಗಡಿಯಲ್ಲಿ ಗದ್ದಲ ಕೇಳಿ. ನಿನ್ನ ಓಣಿ ನಿನ್ನೆ ಖಾಲಿಯಿತ್ತೋ ಹೇಗೆ?

ರುಬೇನನಿಗೂ ಹೇಳಿ ಕಳಿಸಿದ್ದೇನೆ. ಕಿಟಕಿಯ ಉಡುಪು ಅವನಿಗೆ ಮೂರು ಸಾವಿರದ ಏಳುನೂರ ಐವತ್ತು ಪೆಸೊ. ನೀನು ಅಷ್ಟಕ್ಕೆ ಕೊಡಲಾರೆ. ಲೆಕ್ಕ ಹಾಕಿ ನೋಡು ಎಂದೆಯಲ್ಲಾ, ಹಾಕಿದ್ದೇನೆ.

ಒತಿಲಿಯಾ


ಹುವಾರೆಸ್
೨ ಜುಲೈ ೧೯೮೨

ಅಕ್ಕಾ,

ಆ ಹಲಗೆಯನ್ನು ಇವತ್ತೇ ತೆಗೆಸು. ಕೈ ಮುಗಿಯುತ್ತೇನೆ.

ನಿನ್ನ ಅಂಗಡಿಗೆ ನುಗ್ಗುತ್ತಿರುವವರು ಮದುಮಕ್ಕಳಲ್ಲ. ಅವರು ದಿನಾ ಸೇತುವೆಯ ಮೇಲೆ ಸಾಮಾನು ಸಾಗಿಸಿ ಮಾರುವ ಹೆಂಗಸರು. ತಮ್ಮ ಹುಡುಗಿಯರನ್ನು ಮದುಮಗಳೆಂದು ಮುಂದೆ ನಿಲ್ಲಿಸಿ ನಿನ್ನಿಂದ ಹನ್ನೆರಡೂವರೆಗೆ ಕೊಳ್ಳುತ್ತಾರೆ, ಇಲ್ಲಿ ಮಾರುಕಟ್ಟೆಯಲ್ಲಿ ಅದರ ಎರಡರಷ್ಟಕ್ಕೆ ಮಾರುತ್ತಾರೆ. ಹಾಗೆ ಮಾರಿದರೂ ನಿಮ್ಮ ಡಾಲರಿನ ಬೆಲೆಗಿಂತ ಅರ್ಧ ಅಗ್ಗ. ತರಕಾರಿ ಸಾಲಿನ ಪಕ್ಕದಲ್ಲೇ ನಿನ್ನ ಸ್ಯಾಟಿನ್ ಉಡುಪುಗಳು ಹಗ್ಗಕ್ಕೆ ನೇತಾಡುತ್ತಿವೆ, ನಾನೇ ಕಣ್ಣಾರೆ ಕಂಡೆ.

ಇನ್ನೊಂದು ವಿಷಯ ಬೇರೆಯವರಿಂದ ಗೊತ್ತಾಗುವುದು ಬೇಡ. ಆ ಉಡುಪುಗಳೆಲ್ಲ ಅಮೆರಿಕದ ಅಳತೆಯವು, ಎತ್ತರದವರಿಗೆ ಹೊಲಿದವು. ನಮ್ಮ ಹುಡುಗಿಯರಿಗೆ ನೆಲ ಗುಡಿಸುತ್ತವೆ. ಕೊಂಡವರು ಮೋಟು ಮಾಡಿಸಲು ನನ್ನ ಹತ್ತಿರವೇ ತರುತ್ತಿದ್ದಾರೆ. ಮೊದಲನೆಯದನ್ನು ತಿರುಗಿಸಿ ನಿನ್ನ ಅಂಗಡಿಯ ಪಟ್ಟಿ ನೋಡಿದಾಗ ಬೆರಳಿಗೆ ಸೂಜಿ ಚುಚ್ಚಿಕೊಂಡೆ. ವಾಪಸು ಕಳಿಸಿದರೆ ಪಕ್ಕದ ಬೀದಿಯವಳು ಮಾಡಿಕೊಡುತ್ತಾಳೆ. ಅದಕ್ಕೇ ನಾನೇ ಮಾಡಿದೆ. ಹಾಗಾಗಿ ನಿನ್ನ ಹನ್ನೆರಡೂವರೆಯಿಂದಲೂ ನನಗೇ ಕೆಲಸ ಬಂತು. ಇದನ್ನು ಓದಿ ನೀನು ಏನನ್ನುತ್ತೀಯೋ ಗೊತ್ತಿದೆ.

ರುಬೇನ್ ಮೊನ್ನೆ ಇಲ್ಲಿಗೆ ಬಂದು ಕೂಗಾಡಿದ. ಕೊಟ್ಟ ಮಾತು ಮುರಿದು ಹೇಳಿಬಿಡುತ್ತೇನೆ. ಜನವರಿಯಲ್ಲಿ ನಿನ್ನ ಮುನ್ನೂರು ಡಾಲರಿಗೆ ಎಂಟು ಸಾವಿರ ಪೆಸೊ ಸಾಕಾಗಿತ್ತು. ಅವನು ಅರ್ಧ ಉಳಿಸುವಷ್ಟರಲ್ಲಿ ಹದಿನಾಲ್ಕು ಸಾವಿರವಾಯಿತು. ಅತ್ತೆಯ ಮುಂದೆ ನನ್ನಿಂದಾಗುವುದಿಲ್ಲ ಎನ್ನಲು ನಾಚಿಕೆಯಾಗಿ ನನ್ನ ಹತ್ತಿರ ಬಂದ. ಈಗ ನೀನು ಹಳೇ ದರ ಹೇಳಿ ಕಳಿಸಿದ್ದಕ್ಕೆ, “ನಿಮ್ಮಕ್ಕ ನಂಗೆ ಭಿಕ್ಷೆ ಹಾಕ್ತಿದಾರೆ. ನನ್ ಸಂಬಳಕ್ಕೆ ಏನ್ ಬರತ್ತೋ ಅದನ್ನೇ ಇರ್ಮಾ ಉಟ್ಕೊಳ್ಳಲಿ” ಎಂದ. ನಿನ್ನ ಉಡುಪನ್ನು ನಾನು ಕಿತ್ತುಕೊಳ್ಳಲಿಲ್ಲ ಅಕ್ಕಾ.

ದೆಲ್ಫಿನಾ


ಎಲ್ ಪಾಸೊ
೧೧ ಜುಲೈ ೧೯೮೨

ದೆಲ್ಫಿನಾ,

ಹಲಗೆ ತೆಗೆಸಿದೆ. ತೆಗೆಸುವ ಹೊತ್ತಿಗೆ ಮಾರಲು ಏನೂ ಉಳಿದಿರಲಿಲ್ಲ. ಕಿಟಕಿಯ ಉಡುಪೊಂದನ್ನು ಮಾತ್ರ ಕೊಡಲಿಲ್ಲ.

ಪೆಸೊ ನೋಟುಗಳು ಟೋಪಿಯ ಡಬ್ಬಗಳಲ್ಲಿ ತುಂಬಿವೆ. ಸಿಕ್ಕಷ್ಟಕ್ಕೆ ಬದಲಾಯಿಸು ಎಂದು ಚೋನ್ ದಿನಾ ಕೂಗುತ್ತಾನೆ. ಬದಲಾಯಿಸುವುದಿಲ್ಲ. ಎಪ್ಪತ್ತಾರರಲ್ಲಿ ಇಪ್ಪತ್ತೇಳಕ್ಕೆ ಹೋದದ್ದು ಕ್ರಿಸ್ಮಸ್ ಹೊತ್ತಿಗೆ ಇಪ್ಪತ್ತಕ್ಕೆ ಬರಲಿಲ್ಲವೇ? ಈಗಲೂ ಚೇತರಿಸಿಕೊಳ್ಳುತ್ತದೆ. ಇವತ್ತು ಬದಲಾಯಿಸಿದರೆ ನಾನು ದಡ್ಡಿಯೆಂದು ನಾನೇ ಸಹಿ ಹಾಕಿಕೊಟ್ಟ ಹಾಗಾಗುತ್ತದೆ.

ಹುಡುಗನ ವಿಷಯ ಮೊದಲೇ ಹೇಳಿದ್ದರೆ ಉಡುಪನ್ನು ಸುಮ್ಮನೇ ಕೊಡುತ್ತಿದ್ದೆ ಎಂದು ಬರೆಯಹೊರಟೆ. ಅವನು ತೆಗೆದುಕೊಳ್ಳುತ್ತಿರಲಿಲ್ಲ, ಗೊತ್ತು. ಆದರೂ ನಿನ್ನ ಹತ್ತಿರ ಬಂದು ತಲೆ ತಗ್ಗಿಸಲು ಅವನಿಗೆ ಕಷ್ಟವಾಗಲಿಲ್ಲವಲ್ಲ. ಇರ್ಮಾಳಿಗೂ ಆಗಲಿಲ್ಲ. ಅದೇ ನನ್ನನ್ನು ಸುಡುತ್ತಿರುವುದು.

ಒತಿಲಿಯಾ


ಹುವಾರೆಸ್
೨೨ ಆಗಸ್ಟ್ ೧೯೮೨

ಪ್ರೀತಿಯ ಅಕ್ಕಾ,

ನೀನು ಕೇಳಿರುತ್ತೀಯ. ಹೋದ ವಾರ ಬ್ಯಾಂಕುಗಳ ಬಾಗಿಲು ಹಾಕಿದರು. ತೆಗೆದ ಮೇಲೆ ಡಾಲರಿನ ಖಾತೆಯವರಿಗೆ ಡಾಲರ್ ಕೊಡುವುದಿಲ್ಲ, ಅರವತ್ತೊಂಬತ್ತೂವರೆಯಂತೆ ಪೆಸೊ ಮಾತ್ರ ಕೊಡುತ್ತೇವೆಂದು ಗಾಜಿನ ಮೇಲೆ ಅಂಟಿಸಿದರು. ಬೀದಿಯಲ್ಲಿ ಡಾಲರಿಗೆ ನೂರರ ಮೇಲೆ ಕೇಳುತ್ತಿದ್ದಾರೆ, ಅದೂ ಸಿಗುವುದಿಲ್ಲ.

ನಿನ್ನ ಬೀದಿಯ ಹೆಂಗಸರು ಕೊಟ್ಟ ಡಾಲರನ್ನೆಲ್ಲ ನಾನು ಡಾಲರ್ ಖಾತೆಯಲ್ಲೇ ಇಟ್ಟಿದ್ದೆ. ಒಂದನ್ನೂ ಬದಲಾಯಿಸಿರಲಿಲ್ಲ. ಇನ್ನೆರಡು ಯಂತ್ರ ಕೊಳ್ಳಬೇಕೆಂದಿದ್ದೆ, ಓಣಿಯ ಇಬ್ಬರು ಹೆಂಗಸರಿಗೆ ಕೆಲಸ ಕೊಡುತ್ತೇನೆಂದು ಹೇಳಿಯೂ ಆಗಿತ್ತು. ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಮುದುಕ ಗಾಜಿಗೆ ಹಣೆ ಒತ್ತಿಕೊಂಡು, “ಇದ್ ನನ್ ದುಡ್ಡಪ್ಪಾ” ಎಂದಷ್ಟೇ ಹೇಳುತ್ತಿದ್ದ.

ನಾನು ಅಳಲಿಲ್ಲ. ಮನೆಗೆ ಬಂದು ಇರ್ಮಾಳ ಉಡುಪಿನ ಬಟ್ಟೆ ಕತ್ತರಿಸಿದೆ.

ದೆಲ್ಫಿನಾ


ಎಲ್ ಪಾಸೊ
೨೯ ಆಗಸ್ಟ್ ೧೯೮೨

ದೆಲ್ಫಿನಾ,

ನಿನ್ನ ಕಾಗದ ಓದಿ ನಾನು ನಕ್ಕೆ.

ಅಂಗಡಿಯಲ್ಲಿ ಒಬ್ಬಳೇ ನಿಂತು ಓದಿದೆ, ನಗು ಬಂತು. ಇನ್ನೇನು, ನಾವಿಬ್ಬರೂ ಒಂದೇ ಎಂದುಕೊಂಡೆ. ಅವತ್ತು ಸಂಜೆ ಹಸಿವಾಯಿತು, ಎಷ್ಟೋ ದಿನದ ಮೇಲೆ ಬೀನ್ಸನ್ನು ಎರಡು ಸಲ ಬಡಿಸಿಕೊಂಡು ತಿಂದೆ. ಏನಾಯಿತೆಂದು ಚೋನ್ ಕೇಳಿದ. ಏನಿಲ್ಲ, ದೆಲ್ಫಿನಾಳ ಕಾಗದ ಬಂತು ಎಂದೆ. ಅವಳು ಚೆನ್ನಾಗಿದ್ದಾಳಾ ಎಂದ. ಆಗ ತಟ್ಟೆ ದೂಡಿ ಎದ್ದೆ.

ಇದನ್ನು ಯಾಕೆ ಬರೆಯುತ್ತಿದ್ದೇನೆಂದು ನನಗೂ ತಿಳಿಯದು. ನಿನ್ನ ಕಷ್ಟಕ್ಕೆ ಮರುಗಿದೆನೆಂದು ಬರೆದರೆ ನೀನು ನಂಬುತ್ತಿರಲಿಲ್ಲ. ಡಬ್ಬದಲ್ಲಿರುವ ಪೆಸೊಗೆ ಈಗ ಅಂಗಡಿಯ ಒಂದು ತಿಂಗಳ ಬಾಡಿಗೆಯೂ ಹುಟ್ಟುವುದಿಲ್ಲ. ಚೋನ್ ಬೊಗಳುವುದನ್ನು ನಿಲ್ಲಿಸಿದ್ದಾನೆ.

ಒತಿಲಿಯಾ


ಹುವಾರೆಸ್
೧೯ ಸೆಪ್ಟೆಂಬರ್ ೧೯೮೨

ಅಕ್ಕಾ,

ನೀನು ನಕ್ಕದ್ದು ಓದಿ ಮೊದಲು ಸಿಟ್ಟು ಬಂತು. ಆಮೇಲೆ ನಾನೂ ಹೇಳಬಹುದೆನ್ನಿಸಿತು.

ಐವತ್ತೇಳರಲ್ಲಿ ಅಮ್ಮ ಕೂಡಿಟ್ಟದ್ದು ಒಬ್ಬಳ ಕಾಗದಪತ್ರಕ್ಕಷ್ಟೇ ಸಾಲುತ್ತಿತ್ತು. ಯಾರು ಆಚೆ ಹೋಗುವುದೆಂದು ನಾವಿಬ್ಬರೂ ಕೇಳಲಿಲ್ಲ. “ಒತಿಲಿಯಾ ಮಾತು ಬಲ್ಲವಳು, ಹೋಗ್ಲಿ. ದೆಲ್ಫಿನಾ ಕೈ ಚೆನ್ನಾಗಿದೆ, ಅವಳು ನನ್ ಜೊತೆ ಇರ್ಲಿ” ಎಂದಳು ಅಮ್ಮ. ಕೈ ಚೆನ್ನಾಗಿದ್ದದ್ದಕ್ಕೇ ನಾನು ಉಳಿದುಬಿಟ್ಟೆ. ಆಮೇಲೆ ಪ್ರತಿ ಕ್ರಿಸ್ಮಸ್ಸಿಗೂ ನೀನು ಚೀಲ ತುಂಬಿ ಹಳೇ ಬಟ್ಟೆ ತಂದೆ. ಡಾಲರು ತೆಗೆದು ಅಮ್ಮನ ಕೈಯಲ್ಲಿ ಇಡುವಾಗ ಪೆಸೊದಲ್ಲಿ ಎಷ್ಟಾಗುತ್ತದೆಂದು ಗಟ್ಟಿಯಾಗಿ ಹೇಳುತ್ತಿದ್ದೆ. ಅಮ್ಮ ದಿನವೆಲ್ಲ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದಳು. ಅವಳಿಗೆ ಊಟ ಹಾಕುತ್ತಿದ್ದವಳು ನಾನು.

ನೀಲಿ ಕೋಟು ನಾನು ತೊಡಲಿಲ್ಲ. ಬಿಚ್ಚಿ, ಒಳಗೆ ಹೇಗೆ ಹೊಲಿದಿದ್ದಾರೆಂದು ನೋಡಿ, ಮತ್ತೆ ಹೊಲಿದು ಮಾರಿದೆ. ಫೆಬ್ರವರಿಯಲ್ಲಿ ಆ ಟೆಕ್ಸಸ್ ಕಾರು ಬಂದಾಗ ಗಿರಾಕಿ ಬಂದಳೆಂದು ಖುಷಿಯಾಗಲಿಲ್ಲ, ನಿನ್ನ ಬಾಗಿಲು ದಾಟಿ ಬಂದಳೆಂದು ಆಯಿತು. ಈಗ ಇಬ್ಬರದೂ ಸರಿಯಾಯಿತು.

ಇನ್ನೊಂದು ಸುದ್ದಿ. ಮದುವೆಯಾದ ಮೇಲೆ ಹುಡುಗರು ಇಲ್ಲೇ ಮನೆ ಮಾಡುತ್ತಾರಂತೆ, ನನ್ನ ಓಣಿಯ ತುದಿಯಲ್ಲಿ. ಇರ್ಮಾ ದಿನಾ ಸೇತುವೆ ದಾಟಿ ಎಲ್ ಪಾಸೊದ ಕೆಲಸಕ್ಕೆ ಹೋಗುತ್ತಾಳೆ. ಅವಳ ಡಾಲರಿಗೆ ಆಚೆ ಒಂದು ಕೋಣೆ ಸಿಗುವ ಬಾಡಿಗೆಯಲ್ಲಿ ಈಚೆ ಅಂಗಳವಿರುವ ಮನೆ ಸಿಗುತ್ತದೆ. ನಾನು ಕರೆಯಲಿಲ್ಲ, ಅಮ್ಮನ ಆಣೆ. ನಿನಗೆ ಹೇಳಲು ಅವಳಿಗೆ ಧೈರ್ಯವಿಲ್ಲ.

ಕೊನೆಯ ಅಳತೆ ಮುಂದಿನ ತಿಂಗಳು ಎರಡನೇ ಶನಿವಾರ. ನೀನು ಬಂದು ನೋಡಬೇಕು. ತಾಯಿಯಿಲ್ಲದೆ ನಾನು ಗುಂಡುಪಿನ್ನು ಚುಚ್ಚುವುದಿಲ್ಲ.

ನಿನ್ನ ತಂಗಿ,
ದೆಲ್ಫಿನಾ


ಎಲ್ ಪಾಸೊ
೫ ಅಕ್ಟೋಬರ್ ೧೯೮೨

ದೆಲ್ಫಿನಾ,

ಅಳತೆಗೆ ಬರುವುದಿಲ್ಲ. ನನ್ನನ್ನು ಕಾಯದೆ ಚುಚ್ಚು.

ಅಂಗಡಿಯ ಬೀಗದಕೈ ಮಾಲೀಕನಿಗೆ ಕೊಟ್ಟೆ. ಕಿಟಕಿಯ ಉಡುಪನ್ನು ಕಾಗದದಲ್ಲಿ ಸುತ್ತಿ ಮಂಚದ ಕೆಳಗಿಟ್ಟಿದ್ದೇನೆ. ಮನೆಯ ವಿಷಯ ಇರ್ಮಾ ತಾನೇ ಹೇಳಿದಳು. ಸರಿ ಎಂದೆ. ಉಡುಪು ಹೋದರೂ ಮಗಳು ಈ ಕಡೆಯೇ ಇರುತ್ತಾಳೆಂದು ಇಷ್ಟು ದಿನ ಸಮಾಧಾನ ಹೇಳಿಕೊಂಡಿದ್ದೆ. ಇನ್ನು ಅವಳು ಕೆಲಸದಿಂದ ಬಂದು ಚಪ್ಪಲಿ ಬಿಡುವ ಸದ್ದು ನಿನಗೆ ಕೇಳುತ್ತದೆ, ನನಗಲ್ಲ.

ಒತಿಲಿಯಾ


ಎಲ್ ಪಾಸೊ
೩ ನವೆಂಬರ್ ೧೯೮೨

ಪ್ರೀತಿಯ ದೆಲ್ಫಿನಾ,

ಚರ್ಚಿನಲ್ಲಿ ನೀನು ಎಡಗಡೆ ಕೊನೆಯ ಸಾಲಿನಲ್ಲಿ ಕೂತಿದ್ದೆ. ಚಿಕ್ಕಮ್ಮನಾದವಳು ಮುಂದೆ ಕೂರಬೇಕಿತ್ತು. ಕರೆಯೋಣವೆಂದು ಒಮ್ಮೆ ತಿರುಗಿದೆ, ಆದರೆ ಕರೆಯಲಿಲ್ಲ. ಊಟದಲ್ಲಿ ನಾವಿಬ್ಬರೂ ಮಾತಾಡಿದ್ದು ಅನ್ನ ಸಾಕಾಗುತ್ತದೋ ಇಲ್ಲವೋ ಎಂದಷ್ಟೇ. ಅವತ್ತು ಹೇಳದೆ ಉಳಿದದ್ದನ್ನು ಬರೆಯುತ್ತಿದ್ದೇನೆ.

ಇರ್ಮಾ ಬಾಗಿಲಿಂದ ಒಳಗೆ ಕಾಲಿಟ್ಟಾಗಿನಿಂದ ನಾನು ಅವಳ ಮುಖ ನೋಡಲಿಲ್ಲ, ಉಡುಪನ್ನೇ ನೋಡುತ್ತಿದ್ದೆ. ಅದರಲ್ಲಿ ತಪ್ಪು ಹುಡುಕುತ್ತಿದ್ದೆ. ಇಪ್ಪತ್ತು ವರ್ಷ ಉಡುಪು ಮಾರಿದ್ದೇನೆ, ಎಲ್ಲೆಲ್ಲಿ ಕೆಡುತ್ತದೆಂದು ನನಗೆ ಗೊತ್ತು. ಕೈಹೊಲಿಗೆಯಾದರೆ ನಡೆಯುವಾಗ ಬೆನ್ನಿನ ಗುಂಡಿಗಳ ಸಾಲು ಓರೆಯಾಗುತ್ತದೆ. ಆಗಲಿಲ್ಲ. ಮೊಣಕಾಲೂರಿದಾಗ ಸೊಂಟದ ಹೊಲಿಗೆ ಎಳೆಯುತ್ತದೆ ಎಂದು ಕಾದೆ. ಅವಳು ಊರಿದಳು, ಎಳೆಯಲಿಲ್ಲ. ರುಬೇನ್ ಅವಳ ಬೊಗಸೆಗೆ ಮದುವೆಯ ನಾಣ್ಯ ಸುರಿಯುವಾಗ ಎಲ್ಲರೂ ನಾಣ್ಯ ನೋಡುತ್ತಿದ್ದರು. ಕೈ ಮುಂದೆ ಚಾಚಿದರೆ ಕಂಕುಳ ಹತ್ತಿರ ಬಟ್ಟೆ ಮುದುಡಲೇಬೇಕು ಎಂದು ನಾನು ಅವಳ ತೋಳನ್ನು ನೋಡುತ್ತಿದ್ದೆ. ಅಲ್ಲೂ ಏನೂ ಆಗಲಿಲ್ಲ. ನಾನು ಮಂಚದ ಕೆಳಗಿಟ್ಟ ಮುನ್ನೂರು ಡಾಲರಿನದು ಅಲ್ಲಿ ಮುದುಡುತ್ತಿತ್ತು.

ಆಗ ಅಳು ಬಂತು. ತಡೆಯಲಾಗಲಿಲ್ಲ, ಶಬ್ದ ಬರುವ ಹಾಗೆ ಅತ್ತೆ. ಚೋನ್ ಕರವಸ್ತ್ರ ಕೊಟ್ಟು, “ಅಳು ಬಿಡೇ, ಮಗಳಲ್ವಾ” ಎಂದ. ರುಬೇನನ ತಾಯಿ ನನ್ನ ಬೆನ್ನು ಸವರಿದಳು. ಇರ್ಮಾಳೂ ತಿರುಗಿ ನೋಡಿ ತಾನೂ ಕಣ್ಣೊರೆಸಿಕೊಂಡಳು. ಹೆತ್ತ ಕರುಳು ಎಂದು ಎಲ್ಲರೂ ಅಂದುಕೊಂಡರು. ಒಂದು ತಪ್ಪೂ ಸಿಗಲಿಲ್ಲವೆಂದು ನಾನು ಅತ್ತದ್ದು. ಇದು ನಿನಗೊಬ್ಬಳಿಗೇ ಹೇಳುತ್ತಿರುವುದು.

ಆ ತೋಳನ್ನು ಹೇಗೆ ಕೂರಿಸಿದೆ? ಅಮ್ಮ ನನಗೆ ಅದನ್ನು ಕಲಿಸಲಿಲ್ಲ. ಬರೆದು ಕಳಿಸಬೇಡ, ಕಾಗದದಲ್ಲಿ ತಿಳಿಯುವುದಿಲ್ಲ. ಶನಿವಾರ ನಾನೇ ಬರುತ್ತೇನೆ. ಯಾವುದಾದರೊಂದು ತೋಳು ಬಿಚ್ಚಿಟ್ಟುಕೊಂಡಿರು, ನನ್ನ ಕಣ್ಣೆದುರು ಕೂರಿಸಿ ತೋರಿಸು.

ನಿನ್ನ ಅಕ್ಕ,
ಒತಿಲಿಯಾ